ಬೆಳಕಿನಲ್ಲಿ ಹುಟ್ಟುವ ವಿಷ

ಇಂಗ್ಲೆಂಡಿನ ನೈರುತ್ಯದಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲ್ ಎಂಬ ಸೀಮೆಗೂ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಇರುವ ಸಂಬಂಧವು ಗಣಿಗಳ ಚರಿತ್ರೆಯನ್ನು ಬಲ್ಲವರಿಗೆ ಹೊಸದಲ್ಲ. 1880ರ ಸುಮಾರಿನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಇಲ್ಲಿಯ ಗಣಿಗಾರಿಕೆಯನ್ನು ವಹಿಸಿಕೊಂಡ ಮೇಲೆ, ತಮ್ಮ ನಾಡಿನ ತಾಮ್ರ ಮತ್ತು ತವರದ ಗಣಿಗಳು ಕ್ಷೀಣಿಸಿ ಬದುಕಿಗೆ ಬೇರೆ ದಾರಿಯನ್ನು ಅರಸುತ್ತಿದ್ದ ಕಾರ್ನ್‌ವಾಲಿನ ಗಣಿಗಾರರು ಹಡಗೇರಿ ಬಂದು, ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ನೆಲೆಸಿದರು. ಅದೇ ಕಾರ್ನ್‌ವಾಲಿನ ಪೆನ್‌ಜಾನ್ಸ್ ಎಂಬ ಊರಿನಲ್ಲಿ, ಅವರು ಇಲ್ಲಿಗೆ ಬರುವುದಕ್ಕೆ ಸುಮಾರು ನೂರು ವರ್ಷ ಮೊದಲು ಹುಟ್ಟಿದ ಅಣ್ಣತಮ್ಮಂದಿರಿಬ್ಬರ ಸಾಧನೆಗಳು, ಇಬ್ಬರೂ ಕನಸಿನಲ್ಲಿಯೂ ಎಣಿಸದಿದ್ದ ರೀತಿಯಲ್ಲಿ, ಇಂದು ಬಂಗಾರಪೇಟೆಯ ರಸ್ತೆಬದಿಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಪರಸ್ಪರ ಸಂಧಿಸಬಲ್ಲವು. ಹಾಗೆ ಸಂಧಿಸಿದಲ್ಲಿ ಅಲ್ಲಿ ಕುಳಿತು ದುಡಿಯುವವನ ಪ್ರಾಣಕ್ಕೆ ಅಪಾಯವಿದೆ. ಆ ಅಪಾಯದ ಹುಟ್ಟನ್ನು ಹೇಳುವುದೇ ಈ ಲೇಖನದ ಉದ್ದೇಶ.

ಅಣ್ಣನಾದ ಹಂಫ್ರಿ ಡೇವಿಯ ಹೆಸರನ್ನು ಗಣಿಯ ಕೆಲಸಗಾರರು ಕೃತಜ್ಞತೆಯಿಂದ ಸ್ಮರಿಸುವುದು, 1815ರಲ್ಲಿ ಆತನು ಕಲ್ಲಿದ್ದಲಿನ ಗಣಿಗಳಿಗಾಗಿ ನಿರ್ಮಿಸಿಕೊಟ್ಟ ರಕ್ಷಾದೀಪಕ್ಕಾಗಿ. ಆದರೆ ಅದಕ್ಕಿಂತ ಮುಂಚೆ, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬಲವಾದ ಬ್ಯಾಟರಿಯ ಎರಡು ತುದಿಗಳಿಗೆ ಇದ್ದಿಲಿನ ಕಡ್ಡಿಗಳನ್ನು ಸೇರಿಸಿ, ಅವುಗಳ ನಡುವಣ ಅಂತರದಲ್ಲಿ ಕಣ್ಣು ಕೋರೈಸುವ ವಿದ್ಯುತ್ತಿನ ಕಮಾನನ್ನು ತೋರಿಸಿದವನೂ ಆತನೇ. ಅವನಿಗಿಂತ ಹನ್ನೆರಡು ವರ್ಷ ಕಿರಿಯನಾದ ಜಾನ್ ಡೇವಿ ಕೆಲಕಾಲ ಅದೇ ಸಂಸ್ಥೆಯಲ್ಲಿ ಅಣ್ಣನಿಗೆ ಸಹಾಯಕನಾಗಿದ್ದು, ಮುಂದೆ ಸೈನ್ಯದ ವೈದ್ಯನಾಗಿ ಸಿಂಹಳದ್ವೀಪಕ್ಕೂ ಬಂದಿದ್ದವನು. 1812ರಲ್ಲಿ ಇಂಗಾಲದ ಮಾನಾಕ್ಸೈಡನ್ನೂ ಕ್ಲೋರಿನ್ನನ್ನೂ ಕೂಡಿಸಿ ಬಿಸಿಲಿಗೆ ಒಡ್ಡಿದಾಗ, ಅವೆರಡೂ ಬೆರೆತು ಬಣ್ಣವಿಲ್ಲದ ಮೂರನೆಯ ಅನಿಲವೊಂದು ಹುಟ್ಟುವುದನ್ನು ಅವನು ಕಂಡನು. ಅದಕ್ಕೆ ಫಾಸ್ಜೀನ್ ಎಂದು ಹೆಸರಾಯಿತು.

ಈ ಅನಿಲದ ಸ್ವಭಾವವನ್ನು ಲೋಕವು ಪೂರ್ಣವಾಗಿ ಅರಿತುಕೊಂಡದ್ದು ನೂರು ವರ್ಷಗಳ ತರುವಾಯ, ಮೊದಲನೆಯ ಮಹಾಯುದ್ಧದಲ್ಲಿ. 1915ರ ಡಿಸೆಂಬರ್ 19ರಂದು ಈಪ್ರ್ ನಗರದ ಬಳಿ ಜರ್ಮನ್ ಸೇನೆಯು ಕ್ಲೋರಿನ್ನಿನೊಡನೆ ಫಾಸ್ಜೀನನ್ನು ಬೆರೆಸಿ ಬ್ರಿಟಿಷ್ ಕಂದಕಗಳ ಮೇಲೆ ಹರಿಯಬಿಟ್ಟಿತು. ಆ ಯುದ್ಧದಲ್ಲಿ ವಿಷಾನಿಲಗಳಿಂದ ಸತ್ತವರಲ್ಲಿ ಬಹುಪಾಲು ಜನರ ಮರಣಕ್ಕೆ ಫಾಸ್ಜೀನೇ ಕಾರಣವೆಂದು ಎಣಿಕೆಯಿದೆ. ಕ್ಲೋರಿನ್ ಮೂಗಿಗೆ ತಗುಲಿದೊಡನೆ ಉರಿ, ಕೆಮ್ಮು, ಕಣ್ಣೀರುಗಳನ್ನು ಉಂಟುಮಾಡಿ ಮನುಷ್ಯನನ್ನು ಓಡಿಸುತ್ತದೆ. ಫಾಸ್ಜೀನಾದರೋ, ನೀರಿನಲ್ಲಿ ಸುಲಭವಾಗಿ ಕರಗದುದರಿಂದ, ಗಂಟಲನ್ನು ಹೆಚ್ಚಾಗಿ ಕೆಣಕದೆ ಶ್ವಾಸಕೋಶದ ತಳದ ಸೂಕ್ಷ್ಮ ಕೋಶಗಳವರೆಗೆ ಇಳಿದು, ಅಲ್ಲಿಯ ತೆಳುವಾದ ಪೊರೆಯನ್ನು ಕೆಡಿಸುತ್ತದೆ. ಮೊದಲಲ್ಲಿ ಸ್ವಲ್ಪ ಕೆಮ್ಮಿ ಸುಧಾರಿಸಿಕೊಂಡ ಸೈನಿಕನು ತನಗೆ ಏನೂ ಆಗಲಿಲ್ಲವೆಂದು ನಂಬಿ ಕೆಲಸಕ್ಕೆ ತೊಡಗುತ್ತಿದ್ದನು. ಕೆಲವು ಗಂಟೆಗಳ ಮೇಲೆ, ಒಮ್ಮೊಮ್ಮೆ ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ, ಕೆಡಿಸಲ್ಪಟ್ಟ ಪೊರೆಯ ಮೂಲಕ ರಕ್ತದ ದ್ರವಾಂಶವು ಜಿನುಗಿ ಶ್ವಾಸಕೋಶವನ್ನು ತುಂಬಿ, ಅವನು ಒಣನೆಲದ ಮೇಲೆಯೇ ನೀರಿನಲ್ಲಿ ಮುಳುಗಿದವನಂತೆ ಉಸಿರುಕಟ್ಟಿ ಸಾಯುತ್ತಿದ್ದನು. ಇದಕ್ಕೆ ನಿಶ್ಚಿತವಾದ ಪ್ರತಿವಿಷವು ಇಂದಿಗೂ ಇಲ್ಲ.

ಅತ್ತ ಹಂಫ್ರಿಯ ವಿದ್ಯುತ್ ಕಮಾನು ಬೇರೊಂದು ಹಾದಿಯನ್ನು ಹಿಡಿದಿತ್ತು. ರಷ್ಯಾದ ಬೆನಾರ್ಡೋಸ್ 1881ರಲ್ಲಿ ಇದ್ದಿಲಿನ ಕಡ್ಡಿಯಿಂದ ಲೋಹಗಳನ್ನು ಬೆಸೆದನು. ಸ್ಲಾವ್ಯಾನೋವನು ಲೋಹದ ಕಡ್ಡಿಯನ್ನೇ ಬಳಸಿದನು. ಸ್ವೀಡನ್ನಿನ ಕೆಲ್‌ಬರ್ಗನು ಅದಕ್ಕೆ ಲೇಪವನ್ನು ಹಚ್ಚಿ, ನಾವು ಇಂದು ರಾಡು ಎನ್ನುವ ವಸ್ತುವನ್ನು ರೂಪಿಸಿದನು. ಇತ್ತ ನಮ್ಮ ನಾಡಿನಲ್ಲಿ, 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರ ಹರಿದು ಬಂದ ವಿದ್ಯುತ್ತು ಮೊದಲು ತಲುಪಿದ್ದು ಬೆಂಗಳೂರಿನ ಮನೆಗಳನ್ನಲ್ಲ, ಈ ಚಿನ್ನದ ಗಣಿಗಳನ್ನು. ಆದುದರಿಂದ ಯಂತ್ರ ಮತ್ತು ಲೋಹಗಳ ಕಸುಬು ಇಲ್ಲಿಯ ಜನಕ್ಕೆ ಮೊದಲೇ ಕೈವಶವಾಯಿತು. 1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯು ಬುಲ್‌ಡೋಜರುಗಳನ್ನೂ ಅಗೆಯುವ ಯಂತ್ರಗಳನ್ನೂ ಇಲ್ಲಿ ಕಟ್ಟತೊಡಗಿದ ಮೇಲಂತೂ ವೆಲ್ಡಿಂಗ್ ಎಂಬುದು ಕೆ.ಜಿ.ಎಫ್.ನ ಎಷ್ಟೋ ಮನೆಗಳ ಅನ್ನದ ವಿದ್ಯೆಯಾಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ, ಮಾರಿಕುಪ್ಪಂನಿಂದ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲುಗಳಲ್ಲಿ ಕೆಲಸವನ್ನು ಅರಸಿ ಹೊರಟ ಮಕ್ಕಳ ಕೈಯಲ್ಲಿದ್ದ ಬಂಡವಾಳಗಳಲ್ಲಿ ಇದೂ ಒಂದು.

ಬೆಸುಗೆ ಹಿಡಿಯಬೇಕಾದರೆ ಲೋಹವು ಶುದ್ಧವಾಗಿರಬೇಕು. ಗ್ರೀಸು, ಎಂಜಿನ್ ಆಯಿಲು ಹತ್ತಿದ ಭಾಗವನ್ನು ಹಾಗೆಯೇ ಬೆಸೆದರೆ ಬೆಸುಗೆಯೊಳಗೆ ಗುಳ್ಳೆಗಳಾಗಿ ಅದು ಬಿರಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲುಗಳಿಂದ ತೊಳೆದರೆ ಬೆಂಕಿಯ ಭಯ. ಈ ಸಂಕಟಕ್ಕೆ ಪರಿಹಾರವಾಗಿ ಬಂದವು ಕ್ಲೋರಿನ್ ಸೇರಿದ ದ್ರವಗಳು: ಕಾರ್ಬನ್ ಟೆಟ್ರಾಕ್ಲೋರೈಡ್, ಟ್ರೈಕ್ಲೋರೋಎಥಿಲೀನ್, ಪರ್‌ಕ್ಲೋರೋಎಥಿಲೀನ್. ಜಿಡ್ಡನ್ನು ಕ್ಷಣಮಾತ್ರದಲ್ಲಿ ಕರಗಿಸುವುವು, ಬೇಗ ಆರುವುವು, ಎಲ್ಲಕ್ಕಿಂತ ಮಿಗಿಲಾಗಿ ಸುಲಭವಾಗಿ ಹೊತ್ತಿಕೊಳ್ಳಲಾರವು. ಮೊದಲನೆಯದನ್ನಂತೂ ಬೆಂಕಿಯನ್ನು ನಂದಿಸುವುದಕ್ಕೇ ಪಿಚಕಾರಿಗಳಲ್ಲಿ ತುಂಬಿ ಮೋಟಾರುಗಳಲ್ಲಿ ಇಡುತ್ತಿದ್ದರು. ಉರಿಯದ ದ್ರವದ ಬಳಿ ಬೆಂಕಿಯ ಕೆಲಸವನ್ನು ಮಾಡುವುದರಲ್ಲಿ ಭಯವೇನು ಎಂಬ ನಂಬಿಕೆಯು ಬೆಳೆದದ್ದು ಸಹಜವೇ ಆಗಿತ್ತು.

ಆದರೆ ಉರಿಯದಿರುವುದು ಬೇರೆ, ಒಡೆಯದಿರುವುದು ಬೇರೆ. ಈ ದ್ರವಗಳ ಆವಿಯು ಕಾದು ಕೆಂಪಾದ ಲೋಹವನ್ನು ಮುಟ್ಟಿದಾಗ, ಅಥವಾ ವೆಲ್ಡಿಂಗಿನ ಬೆಳಕಿನಲ್ಲಿರುವ, ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿಗೆ ಸಿಕ್ಕಿದಾಗ, ಗಾಳಿಯ ಆಮ್ಲಜನಕದೊಡನೆ ಸೇರಿ ಒಡೆದು, ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನೂ ಫಾಸ್ಜೀನನ್ನೂ ಹುಟ್ಟಿಸುತ್ತದೆ. ತಮ್ಮನು ಬಿಸಿಲಿನಲ್ಲಿ ಮಾಡಿದುದನ್ನು ಅಣ್ಣನ ಕಮಾನಿನ ಬೆಳಕು ಅಂಗಡಿಯ ಮೂಲೆಯಲ್ಲಿ, ಬೇರೆಯೊಂದು ಸಾಮಗ್ರಿಯಿಂದ, ಮಾಡಿಬಿಡುತ್ತದೆ. ಅಲ್ಯೂಮಿನಿಯಮ್ ಮತ್ತು ಸ್ಟೇನ್‌ಲೆಸ್ ಸ್ಟೀಲುಗಳಿಗೆ ಬಳಸುವ ಆರ್ಗಾನ್ ವೆಲ್ಡಿಂಗಿನಲ್ಲಿ ಹೊಗೆ ಕಡಿಮೆಯಾದುದರಿಂದ ಅತಿನೇರಳೆ ಕಿರಣಗಳು ತಡೆಯಿಲ್ಲದೆ ಹೊರಹೊಮ್ಮಿ ಅಪಾಯವು ಇನ್ನೂ ಹೆಚ್ಚುತ್ತದೆ. ದ್ರವಗಳ ಪೈಕಿ ಪರ್‌ಕ್ಲೋರೋಎಥಿಲೀನು ಈ ಕಿರಣಗಳಿಗೆ ವಿಶೇಷವಾಗಿ ಬೇಗ ಒಡೆಯುತ್ತದೆ. ಇಂದು ಗ್ಯಾರೇಜುಗಳಲ್ಲಿ ಬ್ರೇಕ್ ಕ್ಲೀನರ್ ಎಂದು ಬಳಸುವ ಕೆಲವು ಸ್ಪ್ರೇ ಡಬ್ಬಿಗಳಲ್ಲಿ ಇರುವುದು ಇದೇ. ಕಿರಣಗಳು ದೂರಕ್ಕೂ ಹರಿಯುವುದರಿಂದ, ತೊಳೆಯುವ ತೊಟ್ಟಿಯು ಶೆಡ್ಡಿನ ಆಚೆಯ ಮೂಲೆಯಲ್ಲಿದ್ದರೂ ಅಪಾಯ ತಪ್ಪಿದಂತಲ್ಲ. ಆವಿಯು ಗಾಳಿಗಿಂತ ಭಾರವಾದುದರಿಂದ ಲಾರಿಯ ಕೆಳಗಿನ ಗುಂಡಿಯಲ್ಲಿ, ಟ್ಯಾಂಕಿನ ಒಳಗೆ, ಅದು ತಂಗಿರುತ್ತದೆ.

ನಮ್ಮ ದೇಶದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಯು ಮೊತ್ತಮೊದಲು ವರದಿಯಾದದ್ದು ಕೋಲಾರದ ಗಣಿಗಳಿಂದಲೇ, 1934ರಲ್ಲಿ. ಬೆಣಚುಕಲ್ಲಿನ ಧೂಳು ವರ್ಷಗಳ ಕಾಲ ಎದೆಯಲ್ಲಿ ಶೇಖರವಾಗಿ ಮನುಷ್ಯನನ್ನು ಕೊಲ್ಲುತ್ತಿತ್ತು. ಈ ಅನಿಲವು ಅದೇ ಕೆಲಸವನ್ನು ಗಂಟೆಗಳಲ್ಲಿ ಮುಗಿಸಬಲ್ಲುದು. ಕೇಡು ಸಂಭವಿಸುತ್ತಿರುವ ಹೊತ್ತಿನಲ್ಲಿ ದುಡಿಯುವವನಿಗೆ ಅದು ತಿಳಿಯದಿರುವುದೇ ಎರಡಕ್ಕೂ ಸಮಾನವಾದ ಕ್ರೌರ್ಯ. ತಲೆಮಾರುಗಳ ಕಾಲ ಉಸಿರನ್ನೇ ಕೂಲಿಗೆ ಒತ್ತೆಯಿಟ್ಟ ಊರಿನಲ್ಲಿ, ಆ ತಲೆಮಾರುಗಳ ಮೊಮ್ಮಕ್ಕಳು ಅದೇ ಅಜ್ಞಾನಕ್ಕೆ ಗುರಿಯಾಗಬಾರದೆಂಬ ಕಾತರವೇ ನನ್ನನ್ನು ಇದನ್ನು ಬರೆಯುವಂತೆ ಮಾಡಿದೆ. ತಮಿಳು, ತೆಲುಗು, ಕನ್ನಡಗಳನ್ನು ಆಡುವ ಈ ಕೈಗಳಿಗೆ ಸಿಗುವ ಡಬ್ಬಿಯ ಮೇಲಿನ ಎಚ್ಚರಿಕೆಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಾಸಿವೆಗಾತ್ರದ ಅಕ್ಷರಗಳಲ್ಲಿ ಇರುತ್ತದೆ.

ಭೋಪಾಲದ ಹೆಸರನ್ನು ಇಲ್ಲಿ ಹೇಳದಿರಲಾಗದು. ಅಲ್ಲಿ 1984ರಲ್ಲಿ ಸೋರಿದ ಮೀಥೈಲ್ ಐಸೊಸಯನೇಟನ್ನು ತಯಾರಿಸುತ್ತಿದ್ದುದು ಫಾಸ್ಜೀನಿನಿಂದ. ಆ ಮಹಾದುರಂತಕ್ಕೆ ಮೂರು ವರ್ಷ ಮೊದಲೇ, 1981ರ ಡಿಸೆಂಬರಿನಲ್ಲಿ, ಅದೇ ಕಾರ್ಖಾನೆಯ ಕೆಲಸಗಾರನೊಬ್ಬನು ಫಾಸ್ಜೀನ್ ಸೋರಿಕೆಗೆ ಸಿಕ್ಕಿ ಅಸುನೀಗಿದ್ದನು. ಭೋಪಾಲದ ಬಳಿಕ, 1987ರಲ್ಲಿ, ಕಾರ್ಖಾನೆಗಳ ಕಾಯಿದೆಯನ್ನು ತಿದ್ದಿ, ಕೆಲಸದ ಸ್ಥಳದ ಗಾಳಿಯಲ್ಲಿ ಯಾವ ವಿಷ ಎಷ್ಟು ಇರಬಹುದೆಂಬ ಪಟ್ಟಿಯನ್ನು ಸೇರಿಸಿದರು. ಫಾಸ್ಜೀನಿಗೆ ಸಂದ ಮಿತಿಯು ಒಂದು ಕೋಟಿ ಪಾಲು ಗಾಳಿಗೆ ಒಂದು ಪಾಲು. ಮೂಗು ಅದರ ವಾಸನೆಯನ್ನು, ಆಗ ತಾನೆ ಕೊಯ್ದ ಹುಲ್ಲಿನಂಥ ಆ ವಾಸನೆಯನ್ನು, ಗುರುತಿಸುವ ಹೊತ್ತಿಗೆ ಈ ಮಿತಿಯು ಎಷ್ಟೋ ಪಟ್ಟು ಮೀರಿರುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡಿನ ಇಂಥ ಬಳಕೆಯು ನಮ್ಮ ದೇಶದಲ್ಲಿ 2010ರಿಂದ ನಿಂತಿತು. ಆದರೆ ಅದನ್ನು ನಿಲ್ಲಿಸಿದ್ದು ಆಕಾಶದ ಓಜೋನ್ ಪದರದ ರಕ್ಷಣೆಗಾಗಿ, ವೆಲ್ಡರನ ಎದೆಯ ರಕ್ಷಣೆಗಾಗಿ ಅಲ್ಲವಾದುದರಿಂದ, ಅದರ ಬಂಧುಗಳಾದ ಉಳಿದ ದ್ರವಗಳು ಅಂಗಡಿಯಲ್ಲಿ ಉಳಿದುಕೊಂಡವು.

ತಪ್ಪಿಸಿಕೊಳ್ಳುವ ಉಪಾಯವು ದುಬಾರಿಯದಲ್ಲ. ವಾಷಿಂಗ್ ಸೋಡಾ ಅಥವಾ ಸೋಪಿನಪುಡಿ ಕಲಸಿದ ಬಿಸಿನೀರಿನಲ್ಲಿ ಉಜ್ಜಿ, ತೊಳೆದು, ಚೆನ್ನಾಗಿ ಒಣಗಿಸಿದರೆ ಬಹುಪಾಲು ಜಿಡ್ಡು ಬಿಡುತ್ತದೆ. ಡಬ್ಬಿಯ ಮೇಲೆ ‘ಕ್ಲೋರೋ’ ಎಂಬ ಪದಾಂಶ ಕಂಡರೆ ಅದನ್ನು ಬೆಸೆಯುವ ಕೆಲಸದ ಹತ್ತಿರಕ್ಕೆ ತರಬಾರದು. ಮೇಲ್ಮೈ ಒಣಗಿದಂತೆ ಕಂಡರೂ ಎರಡು ತಗಡುಗಳ ಸಂದಿನಲ್ಲಿ, ಬೋಲ್ಟಿನ ತೂತಿನಲ್ಲಿ ದ್ರವವು ಉಳಿದಿರುತ್ತದೆಂಬುದನ್ನು ನೆನಪಿಡಬೇಕು. ಮುಖಕ್ಕೆ ಹಿಡಿಯುವ ವೆಲ್ಡಿಂಗ್ ಕನ್ನಡಿಯಾಗಲಿ ಬಾಯಿಗೆ ಕಟ್ಟುವ ಬಟ್ಟೆಯಾಗಲಿ ಈ ಅನಿಲವನ್ನು ತಡೆಯಲಾರವು.

ಅಕಸ್ಮಾತ್ ಒಬ್ಬನು ಇಂಥ ಹೊಗೆಯನ್ನು ಸೇವಿಸಿದರೆ, ಅವನನ್ನು ಒಡನೆಯೇ ಬಯಲು ಗಾಳಿಗೆ ತಂದು, ನಡೆಸದೆ, ಭಾರ ಎತ್ತಿಸದೆ, ಕೂರಿಸಿದಂತೆಯೇ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಶ್ರಮಪಟ್ಟಷ್ಟೂ ಶ್ವಾಸಕೋಶದ ಕೇಡು ಬೆಳೆಯುತ್ತದೆ. ಮೊದಲ ಗಂಟೆಗಳಲ್ಲಿ ಎಕ್ಸ್‌ರೇಯಲ್ಲಿಯೂ ಏನೂ ಕಾಣದಿರಬಹುದಾದುದರಿಂದ, ಕೆಮ್ಮು ನಿಂತಿತೆಂದು ಅವನನ್ನು ಮನೆಗೆ ಕರೆತರಬಾರದು. ಆ ಡಬ್ಬಿಯನ್ನೂ ಜೊತೆಗೆ ಕೊಂಡೊಯ್ದು, ಇದರಿಂದ ತೊಳೆದ ಕಬ್ಬಿಣದ ಮೇಲೆ ವೆಲ್ಡಿಂಗ್ ಮಾಡುತ್ತಿದ್ದನೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ, ಕನಿಷ್ಠ ಒಂದು ಹಗಲು ಒಂದು ರಾತ್ರಿಯಾದರೂ ಅವನನ್ನು ಅವರ ಕಣ್ಣಳತೆಯಲ್ಲಿಯೇ ಇರಿಸಿಕೊಳ್ಳುವಂತೆ ಕೇಳಬೇಕು.