ಕೋಲಾಕಾಯಿಯೂ ನಮ್ಮ ಎಲೆ ಅಡಿಕೆಯೂ

ಆಫ್ರಿಕದ ಕಥೆಯೆಂದರೆ ಕಾಡು, ಸಿಂಹ, ಬಿಳಿಯ ಬೇಟೆಗಾರ ಎಂದೇ ಬಹುಕಾಲ ತಿಳಿದಿದ್ದವನು ನಾನು. ಆ ತಿಳಿವಳಿಕೆಯನ್ನು ಕೆಡಿಸಿದ್ದು ನೈಜೀರಿಯದ ಚಿನುವಾ ಅಚಿಬೆಯವರು 1958ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ 'ಥಿಂಗ್ಸ್ ಫಾಲ್ ಅಪಾರ್ಟ್'. ಸಿ. ನಾಗಣ್ಣನವರು ಅದನ್ನು 'ಭಂಗ'ವೆಂದು ಕನ್ನಡಕ್ಕೆ ತಂದಿದ್ದಾರೆ. ಭವಾನಿಪುರಂನ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಅದನ್ನು ಗಟ್ಟಿಯಾಗಿ ಓದಿದೆ. ಗೆಣಸು ಬೆಳೆಯುವ ಒಕೊಂಕ್ವೊನ ಊರಿನಲ್ಲಿ, ಮನೆಗೆ ಬಂದವರಿಗೆ ಕೋಲಾಕಾಯಿ ಮುರಿದು ಹಂಚಿದ ಮೇಲೆಯೇ ಮಾತುಕತೆ. "ನಮ್ಮ ಎಲೆ ಅಡಿಕೆಯೇ ಅನ್ನಿ" ಎಂದಳು ಮನೆಯಾಕೆ. ಪಾದ್ರಿಗಳೂ ಸರ್ಕಾರವೂ ಬಂದು ಆ ಊರು ಒಡೆಯುವ ಭಾಗಕ್ಕೆ ಬಂದಾಗ, ಹೊತ್ತಾಯಿತೆಂದರೂ ಅವಳು ದೀಪ ಆರಿಸಗೊಡಲಿಲ್ಲ.

ಅಚಿಬೆಯವರಿಗೆ ಇಂಗ್ಲಿಷ್ ಒಗ್ಗಿತು. ಕೀನ್ಯದ ಗೂಗಿ ವಾ ಥಿಯಾಂಗೊ ಅದನ್ನು ಬಿಟ್ಟೇ ಹೊರಟರು. ತಾಯ್ನುಡಿಯಲ್ಲಿ ನಾಟಕ ಆಡಿಸಿದ್ದಕ್ಕೆ 1977ರ ಕೊನೆಯ ದಿನ ಸೆರೆಯಾದ ಅವರು, ಅಲ್ಲಿ ಸಿಕ್ಕ ಕಕ್ಕಸಿನ ಕಾಗದದ ಮೇಲೆಯೇ ಗಿಕುಯು ಭಾಷೆಯಲ್ಲಿ ಕಾದಂಬರಿ ಬರೆದರು. (ಕಡತಗಳ ನಡುವೆ ಕುಳಿತ ನನ್ನಂಥ ಗುಮಾಸ್ತರು ನಾಚಬೇಕು!) ಮುಂದೆ ತಾವೇ 'ಡೆವಿಲ್ ಆನ್ ದಿ ಕ್ರಾಸ್' ಎಂದು ಅದನ್ನು ಇಂಗ್ಲಿಷಿಗೆ ತಂದರು. ಅದನ್ನು ತೆಲುಗಿಗೆ ತಂದ ವರವರರಾವ್ ಅವರೂ ಸೆರೆಯಲ್ಲಿದ್ದೇ ಆ ಕೆಲಸ ಮಾಡಿದರು. ಗೂಗಿಯವರು 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ಅವರ ಬಾಲ್ಯದ ಶಾಲೆಯಲ್ಲಿ ತಾಯ್ನುಡಿ ಆಡಿದರೆ ಬೆತ್ತದ ಏಟು. ನಮ್ಮ ಮಗಳಿಗೆ ಅಂಥ ಏಟನ್ನು ಯಾರೂ ಕೊಟ್ಟಿಲ್ಲ; ಆದರೂ ತೆಲುಗು, ಇಂಗ್ಲಿಷುಗಳನ್ನು ಸರಾಗವಾಗಿ ಓದುವವಳು ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ತಪ್ಪು ನಮ್ಮದೇ. ಹೋದ ವಾರ 'ಭಂಗ'ವನ್ನು ಅವಳ ಕೈಗಿಟ್ಟೆ. ಕೋಲಾಕಾಯಿಯ ಪುಟ ದಾಟಲು ಅರ್ಧ ಗಂಟೆ ಹಿಡಿಯಿತು. "ಅಪ್ಪಾ, ಮುಂದಿನದನ್ನು ನಾಳೆ ನಾನೇ ಓದುತ್ತೇನೆ, ನೀವು ಹೇಳಿಬಿಡಬೇಡಿ" ಎಂದಳು.