ಒಬ್ಬ ಸಿಸ್ಟರ್, ಎಷ್ಟು ಹಾಸಿಗೆ?

ತುಮಕೂರು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಸೇರುವ ಗೊರಗುಂಟೆಪಾಳ್ಯದಿಂದ ಯಶವಂತಪುರದವರೆಗಿನ ಹಾದಿಯಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಳು ತಲೆಯೆತ್ತಿವೆ. ಹೆದ್ದಾರಿಯ ಅಪಘಾತವಿರಲಿ, ಪೀಣ್ಯದ ಯಂತ್ರಕ್ಕೆ ಸಿಕ್ಕ ಕೈಯಿರಲಿ, ನಡುರಾತ್ರಿಯ ಎದೆನೋವಿರಲಿ, ಹಗಲಿರುಳು ಮಗ್ಗುಲಲ್ಲಿ ನಿಲ್ಲುವವರು ನರ್ಸ್‌ಗಳು. ಅವರ ದಣಿವಿನ ಮಾತೆದ್ದಾಗ ಸಿಗುವ ಸಿದ್ಧ ಉತ್ತರವೆಂದರೆ ಯೋಗ, ಧ್ಯಾನ, ಒಂದು ದಿನದ ಶಿಬಿರ. ಇವು ಕೆಟ್ಟವೇನಲ್ಲ. ಆದರೆ ಒತ್ತಡದ ಬೇರು ಇರುವುದು ಡ್ಯೂಟಿ ಪಟ್ಟಿಯಲ್ಲಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೂಡ ಬರ್ನ್‌ಔಟ್ ಅನ್ನು ಕಾಯಿಲೆ ಎನ್ನದೆ, ಕೆಲಸದ ಜಾಗದಲ್ಲಿ ಸರಿಯಾಗಿ ನಿಭಾಯಿಸದ ದೀರ್ಘ ಒತ್ತಡದ ಫಲವೆಂದು ಗುರುತಿಸಿತು.

ಲೆಕ್ಕ ನೋಡಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂವರು ರೋಗಿಗಳಿಗೊಬ್ಬ ನರ್ಸ್. ಮೂರು ಪಾಳಿಗೆ ಹಂಚಿದರೆ ತಲಾ ಒಂಬತ್ತು ರೋಗಿಗಳು. ರಜೆಯ ಬದಲಿಗೆಂದು ಶೇ. 30ರಷ್ಟು ಹೆಚ್ಚುವರಿ ಸಿಬ್ಬಂದಿಯೂ ಬೇಕು. ಆ ಬದಲಿಯವರಿಲ್ಲದ ಕಡೆ ಒಬ್ಬರಿಗೆ ಜ್ವರ ಬಂದರೆ ಉಳಿದವರ ಪಾಲು ಹನ್ನೆರಡೋ ಹದಿನೈದೋ ಆಗುತ್ತದೆ. ಮಾತ್ರೆ, ಡ್ರಿಪ್, ಚಾರ್ಟ್, ಬಿಲ್ಲಿನ ಸಿಟ್ಟನ್ನೂ ಸಿಸ್ಟರ್ ಮೇಲೇ ತೀರಿಸಿಕೊಳ್ಳುವ ಬಂಧುಗಳು, ಇಷ್ಟರ ನಡುವೆ ಯಾವ ರೋಗಿಯ ಉಸಿರು ಏರುತ್ತಿದೆ ಎಂಬುದು ಕಣ್ಣು ತಪ್ಪಬಾರದು. ಮಾಡಬೇಕಾದ್ದನ್ನು ಮಾಡಲಾಗಲಿಲ್ಲ ಎಂಬ ಅಳುಕು ದಣಿವಿಗಿಂತ ಹೆಚ್ಚು ಕೊರೆಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಕುರಿತ 2002ರ ಅಧ್ಯಯನದಲ್ಲಿ, ನರ್ಸ್ ಒಬ್ಬರಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆ ಬರ್ನ್‌ಔಟ್ ಸಂಭವ ಶೇ. 23, ಶಸ್ತ್ರಚಿಕಿತ್ಸೆಯಾದವರು ತಿಂಗಳೊಳಗೆ ಸಾಯುವ ಸಂಭವ ಶೇ. 7 ಏರಿದ್ದು ಕಂಡಿತು. ಹಾಗಾಗಿ ನರ್ಸ್‌ಗಳ ಕೊರತೆ ರೋಗಿಯ ಮನೆಯವರ ಸಮಸ್ಯೆಯೂ ಹೌದು.

ಹೆಚ್ಚು ನರ್ಸ್‌ಗಳೆಂದರೆ ಹೆಚ್ಚು ಖರ್ಚು, ಅದು ಬಿಲ್ಲಿಗೇ ಬರುತ್ತದೆ ಎನ್ನುವವರಿದ್ದಾರೆ. ಹಗುರಾಗಿ ತಳ್ಳಿಹಾಕುವ ಮಾತಲ್ಲ ಇದು. ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ನರ್ಸ್-ರೋಗಿ ಅನುಪಾತವನ್ನು ಕಾನೂನು ಮಾಡಿದ ಮೇಲೆ, ಮರುದಾಖಲಾತಿ ಮತ್ತು ಹಾಸಿಗೆ ದಿನಗಳು ತಗ್ಗಿ ಉಳಿದ ಹಣ ಹೊಸ ನೇಮಕಾತಿಯ ಖರ್ಚಿಗಿಂತ ದುಪ್ಪಟ್ಟಿತ್ತು. ನರ್ಸ್‌ಗಳೇ ಸಿಗುವುದಿಲ್ಲ ಎಂಬ ಮಾತೂ ಇದೆ. ಸಿಕ್ಕವರು ನಿಲ್ಲುವ ಸಂಬಳ ಎಲ್ಲಿದೆ? 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರ್ಕಾರಿ ನರ್ಸ್‌ಗಳ ಸಮನಾದ ವೇತನ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶದಂತೆ ರಚನೆಯಾದ ಸಮಿತಿ 2016ರಲ್ಲೇ ಹೇಳಿತ್ತು.

ಒಂದೇ ವಾರ್ಡಿನಲ್ಲಿದ್ದರೂ ಕೆಲವು ನರ್ಸ್‌ಗಳು ಕುಗ್ಗುತ್ತಾರೆ, ಕೆಲವರು ಕುಗ್ಗುವುದಿಲ್ಲ, ಅದು ನಿಜ; ಜೊತೆಗೆ ಆಸರೆಯಿದೆಯೇ ಎಂಬುದೂ ಮುಖ್ಯ. ಊರು ಬಿಟ್ಟು ಬಂದು ಪಿ.ಜಿ.ಯಲ್ಲಿರುವ ಹುಡುಗಿಗೆ, ಅದೇ ಸಾವನ್ನು ಕಂಡ ಸಹೋದ್ಯೋಗಿಯ ಎದುರು ಅತ್ತು ಹಗುರಾಗುವುದೇ ದೊಡ್ಡ ಆಸರೆ. ಹಾಗೆ ಹತ್ತು ನಿಮಿಷ ಕೂರುವಾಗ ಹಾಸಿಗೆಗಳ ಕಡೆ ನೋಡಲು ಇನ್ನೊಬ್ಬ ನರ್ಸ್ ಇರಬೇಕು.