ಗುಂಡಿನ ಗೀರು ಮತ್ತು ಮಹಾಲನೋಬಿಸ್ ದೂರ

ಸಿಕ್ಕ ಗುಂಡು ಯಾವ ಬಂದೂಕಿನಿಂದ ಹಾರಿತೆಂಬುದು ಮೂಲತಃ ವರ್ಗೀಕರಣದ ಪ್ರಶ್ನೆ. ಅದಕ್ಕೆ ಬೇಕಾದ ಗಣಿತಸಾಧನವೊಂದು ಅಂದಿನ ಕಲ್ಕತ್ತದಲ್ಲಿಯೇ ರೂಪುಗೊಂಡಿತು. ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಸ್ಥಾಪಕರಾದ ಪ್ರಶಾಂತಚಂದ್ರ ಮಹಾಲನೋಬಿಸರು ಮಾನವದೇಹದ ಅಳತೆಗಳನ್ನು ಹೋಲಿಸುತ್ತ ಹೋಗಿ, ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾದ ‘ದೂರ’ದ ಪರಿಕಲ್ಪನೆಯನ್ನು 1936ರಲ್ಲಿ ಪ್ರತಿಪಾದಿಸಿದರು. 1941ರಲ್ಲಿ ಆ ಸಂಸ್ಥೆಯನ್ನು ಸೇರಿದ ಸಿ. ಆರ್. ರಾವ್ ಅವರು 1948ರ ಪ್ರಬಂಧದಲ್ಲಿ ಅನೇಕ ಗುಂಪುಗಳ ವರ್ಗೀಕರಣಕ್ಕೆ ಅದನ್ನು ವಿಸ್ತರಿಸಿದರು. (ರಾವ್ ಅವರ ಮನೆಮಾತು ತೆಲುಗು, ಹುಟ್ಟೂರು ಮಾತ್ರ ನಮ್ಮ ಹೂವಿನಹಡಗಲಿ.)

ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳೂ ಅವುಗಳ ನಡುವಣ ದಿಣ್ಣೆಗಳೂ ಹಾದುಹೋಗುವ ಗುಂಡಿನ ಮೇಲೆ ಅಚ್ಚೊತ್ತುತ್ತವೆ. ತೋಡುಗಳ ಸಂಖ್ಯೆ, ಅಗಲ, ಸುರುಳಿಯ ದಿಕ್ಕು ಇವು ಒಂದೇ ಮಾದರಿಯ ಬಂದೂಕುಗಳಿಗೆಲ್ಲ ಸಾಮಾನ್ಯ. ಕೊರೆಯುವ ಉಪಕರಣದ ಸವೆತದಿಂದಲೂ ಬಳಕೆಯಿಂದಲೂ ಉಂಟಾದ ಸೂಕ್ಷ್ಮ ಗೀರುಗಳೇ ಆಯಾ ನಳಿಗೆಯ ಗುರುತು. ಆದರೆ ಒಂದೇ ನಳಿಗೆಯಿಂದ ಹೊರಟ ಎರಡು ಗುಂಡುಗಳೂ ತದ್ರೂಪಗಳಲ್ಲ. ಆದುದರಿಂದ ಎರಡು ಗುಂಡುಗಳ ಅಂತರವನ್ನು, ಒಂದೇ ನಳಿಗೆಯ ಗುಂಡುಗಳಲ್ಲಿ ಸಹಜವಾಗಿ ಕಾಣುವ ವ್ಯತ್ಯಾಸದ ಮಾನದಿಂದ ಅಳೆಯಬೇಕಾಗುತ್ತದೆ. ಮಹಾಲನೋಬಿಸ್ ದೂರ ಮಾಡುವುದು ಇದನ್ನೇ. ಅಳತೆಗಳ ಪರಸ್ಪರ ಸಂಬಂಧವನ್ನೂ ಅದು ಗಣನೆಗೆ ತರುತ್ತದೆ: ದಿಣ್ಣೆ ಅಗಲವಾದಂತೆ ತೋಡು ಕಿರಿದಾಗುತ್ತದೆ, ಇವೆರಡನ್ನೂ ಸ್ವತಂತ್ರವೆಂದು ಎಣಿಸುವುದೆಂದರೆ ಒಬ್ಬನೇ ಸಾಕ್ಷಿಯ ಹೇಳಿಕೆಯನ್ನು ಎರಡು ಸಲ ಬರೆದುಕೊಂಡಂತೆ.

ಈ ವಿಧಾನದಲ್ಲಿ ತೊಡಕೊಂದಿದೆ. ವರ್ಗೀಕರಣ ಸೂತ್ರವು ಯಾವುದೋ ಒಂದು ಬಂದೂಕನ್ನು ‘ಅತಿ ಸಮೀಪದ್ದು’ ಎಂದು ತೋರಿಸಿಯೇ ತೀರುತ್ತದೆ. ನಿಜವಾದ ಬಂದೂಕು ಹೋಲಿಕೆಯ ಸಮೂಹದಲ್ಲಿ ಇಲ್ಲದಿದ್ದರೂ ಸಹ! ನಾಡಪಿಸ್ತೂಲುಗಳಲ್ಲಿ ಈ ಅಪಾಯ ಹೆಚ್ಚು. ಕಾರ್ಖಾನೆಯ ನಿಯತ ಅಳತೆ ಅವುಗಳಿಗಿಲ್ಲವಾದ್ದರಿಂದ ಹೋಲಿಕೆಯ ಸಮೂಹವನ್ನು ಕಲ್ಪಿಸುವುದೇ ಕಷ್ಟ.

ಇದು ಕೇವಲ ಸೈದ್ಧಾಂತಿಕ ಜಿಜ್ಞಾಸೆಯಲ್ಲ. ಧಾರವಾಡದಲ್ಲಿ 2015ರ ಆಗಸ್ಟ್ 30ರಂದು ಹತರಾದ ಸಂಶೋಧಕ ಎಂ. ಎಂ. ಕಲಬುರ್ಗಿ ಹಾಗೂ ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಹತರಾದ ಪತ್ರಕರ್ತೆ ಗೌರಿ ಲಂಕೇಶ್ ಇಬ್ಬರ ಮೇಲೂ ಪ್ರಯೋಗವಾದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತು. ಗುಂಡುಗಳನ್ನೂ ಖಾಲಿ ತೋಟಾಗಳನ್ನೂ ಪರಸ್ಪರ ಹೋಲಿಸಿ ಬಂದ ನಿರ್ಣಯವದು. ಎರಡು ತನಿಖೆಗಳನ್ನು ಬೆಸೆದ ಇಂಥ ನಿರ್ಣಯದ ಜೊತೆಗೆ, ಬೇರೆ ಬೇರೆ ಪಿಸ್ತೂಲುಗಳು ಇಷ್ಟೇ ಸಾಮ್ಯವನ್ನು ತೋರುವ ಸಂಭವವೆಷ್ಟು ಎಂಬುದೂ ನ್ಯಾಯಾಲಯಕ್ಕೆ ತಿಳಿಯಬೇಕು. ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಲಿಯು 2016ರಲ್ಲಿ ಎತ್ತಿದ ಆಕ್ಷೇಪವೂ ಇದೇ ಬಗೆಯದು: ತಪ್ಪಿನ ಪ್ರಮಾಣವನ್ನು ಅಳೆಯುವ ಸಮರ್ಪಕ ಪ್ರಯೋಗಗಳು ಸಾಲವು. ನಮ್ಮಲ್ಲಿ 1872ರ ಸಾಕ್ಷ್ಯ ಕಾಯಿದೆಯ 45ನೆಯ ಕಲಮಿನಂತೆಯೇ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೆಯ ಕಲಮು ತಜ್ಞರ ಅಭಿಪ್ರಾಯವನ್ನು ಪ್ರಸ್ತುತವೆಂದು ಒಪ್ಪುತ್ತದೆ. ಆ ಪ್ರಮಾಣವನ್ನು ತಿಳಿಸಬೇಕೆಂದು ವಿಧಿಸುವುದಿಲ್ಲ.